ಅಂಡಾಶಯದ ಕ್ಯಾನ್ಸರ್: ಲಕ್ಷಣಗಳನ್ನು ಗುರುತಿಸಲು ಕಲಿತ ಚರಿತ್ರೆ

ಹಾಸನದಿಂದ ಮಂಗಳೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ ಸಕಲೇಶಪುರ, ದೋಣಿಗಾಲ್‌ಗಳನ್ನು ದಾಟಿ ಮಾರನಹಳ್ಳಿಗೆ ಬರುತ್ತದೆ. ಅಲ್ಲಿಂದ ಮುಂದೆ ಶಿರಾಡಿ ಘಾಟಿಯ ಇಳಿಜಾರು. ಸುತ್ತಲೂ ಕಾಫಿ, ಏಲಕ್ಕಿ, ಮೆಣಸಿನ ತೋಟಗಳು. ಜಿಲ್ಲಾ ಕೇಂದ್ರವಾದ ಹಾಸನ ಇಲ್ಲಿಂದ ಸುಮಾರು 45 ಕಿಲೋಮೀಟರ್. ಇಂಥ ಊರಿನಲ್ಲಿ ಐವತ್ತು ದಾಟಿದ ಮಹಿಳೆಯೊಬ್ಬರು “ಹೊಟ್ಟೆ ಉಬ್ಬರಿಸುತ್ತದೆ, ನಾಲ್ಕು ತುತ್ತು ಉಂಡರೆ ಸಾಕು ಎನಿಸುತ್ತದೆ” ಎಂದರೆ ಏನಾಗುತ್ತದೆ? ಮನೆಯಲ್ಲಿ ಜೀರಿಗೆ ಕಷಾಯ ಕಾಸುತ್ತಾರೆ. ಅದಕ್ಕೂ ಬಗ್ಗದಿದ್ದರೆ ಪೇಟೆಯ ಔಷಧದ ಅಂಗಡಿಯಿಂದ ‘ಗ್ಯಾಸ್ಟ್ರಿಕ್’ ಮಾತ್ರೆ ಬರುತ್ತದೆ. ಬಹುಪಾಲು ಸಂದರ್ಭಗಳಲ್ಲಿ ಅಷ್ಟೇ ಸಾಕು. ಆದರೆ ಅಪರೂಪಕ್ಕೊಮ್ಮೆ ಇದೇ ಮಾತು ಅಂಡಾಶಯದ ಕ್ಯಾನ್ಸರಿನ ಮೊದಲ ಸುಳಿವಾಗಿರಬಹುದು.

ಯಾವಾಗ ಕಷಾಯ ಸಾಕು, ಯಾವಾಗ ಆಸ್ಪತ್ರೆಗೆ ಹೊರಡಬೇಕು? ಪ್ರಶ್ನೆ ಸರಳ. ಆದರೆ ಇದಕ್ಕೆ ಅಳೆದು ಹೇಳಬಹುದಾದ ಉತ್ತರ ಸಿಕ್ಕಿದ್ದು 2000ದಿಂದ ಈಚೆಗೆ. ಅಲ್ಲಿಯವರೆಗೆ ಪಠ್ಯಪುಸ್ತಕಗಳೂ ಈ ರೋಗವನ್ನು ‘ಮೌನ ಹಂತಕ’ ಎಂದೇ ಕರೆಯುತ್ತಿದ್ದವು. ಕೊನೆಯ ಹಂತದವರೆಗೆ ಅದು ಯಾವ ಸೂಚನೆಯನ್ನೂ ಕೊಡುವುದಿಲ್ಲ ಎಂಬುದು ಆ ಹೆಸರಿನ ಅರ್ಥ. ಈ ಹೆಸರು ತಪ್ಪೆಂದು ತಿಳಿದುಬಂದದ್ದು ಹೇಗೆ ಎಂಬುದು ವೈದ್ಯವಿಜ್ಞಾನದ ಚರಿತ್ರೆಯ ಒಂದು ಒಳ್ಳೆಯ ಪಾಠ.

ಅಂಗ ಸಣ್ಣದು, ಜಾಗ ದೊಡ್ಡದು

ಅಂಡಾಶಯಗಳು ಎರಡು. ಗರ್ಭಕೋಶದ ಎರಡು ಪಕ್ಕಗಳಲ್ಲಿ, ಕಿಬ್ಬೊಟ್ಟೆಯ ಆಳದಲ್ಲಿ ಇರುತ್ತವೆ. ವಯಸ್ಕ ಮಹಿಳೆಯಲ್ಲಿ ಒಂದೊಂದೂ ಬಾದಾಮಿಯಷ್ಟು ಗಾತ್ರದ್ದು; ಮುಟ್ಟು ನಿಂತ ಮೇಲೆ ಇನ್ನೂ ಕುಗ್ಗುತ್ತದೆ. ಸ್ತನದಲ್ಲಿ ಗಂಟಾದರೆ ಕೈಗೆ ಸಿಗುತ್ತದೆ, ಬಾಯಿಯಲ್ಲಿ ಹುಣ್ಣಾದರೆ ಕಣ್ಣಿಗೆ ಕಾಣುತ್ತದೆ. ಅಂಡಾಶಯ ಕೈಗೂ ಸಿಗದು, ಕಣ್ಣಿಗೂ ಕಾಣದು. ಅದರ ಸುತ್ತ ಕರುಳು, ಮೂತ್ರಕೋಶ, ಗುದನಾಳಗಳಿವೆ. ಹೊಟ್ಟೆಯ ಒಳಗೋಡೆಗೆ ಹಾಸಿರುವ ಉದರಪೊರೆ ಇದೆ. ಕರುಳಿನ ಮೇಲೆ ಸೆರಗಿನಂತೆ ಇಳಿಬಿದ್ದಿರುವ ಒಮೆಂಟಮ್ ಎಂಬ ಕೊಬ್ಬಿನ ಮಡಿಕೆ ಇದೆ.

ಅಂಡಾಶಯದ ಕ್ಯಾನ್ಸರ್ ಕೋಶಗಳು ಕಳಚಿಕೊಂಡರೆ ಈ ಬಯಲಿನಲ್ಲಿ ತೇಲಿ ಎಲ್ಲಿ ಬೇಕಾದರೂ ನೆಲೆಯೂರಬಲ್ಲವು. ಉದರಪೊರೆಯಲ್ಲಿ ನೆಲೆಯೂರಿದರೆ ದುಗ್ಧರಸ ಹರಿದುಹೋಗುವ ದಾರಿ ಕಟ್ಟಿಕೊಂಡು ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಒಮೆಂಟಮ್ ಗಟ್ಟಿಯಾದರೆ ಜಠರಕ್ಕೆ ಹಿಗ್ಗಲು ಜಾಗವಿಲ್ಲದೆ ಸ್ವಲ್ಪ ಉಂಡರೂ ಹೊಟ್ಟೆ ತುಂಬಿದಂತೆ ಆಗುತ್ತದೆ. ಗಡ್ಡೆ ಮೂತ್ರಕೋಶವನ್ನು ಒತ್ತಿದರೆ ಮೂತ್ರಕ್ಕೆ ಪದೇಪದೇ ಅವಸರವಾಗುತ್ತದೆ. ಹೀಗೆ ರೋಗ ಇರುವುದು ಅಂಡಾಶಯದಲ್ಲಿ, ದೂರು ಹೇಳುವುದು ಹೊಟ್ಟೆ ಮತ್ತು ಮೂತ್ರಕೋಶ. ಗೊಂದಲಕ್ಕೆಲ್ಲ ಇದೇ ಮೂಲ.

ಜಲೋದರವೆಂಬ ಹಳೆಯ ಹೆಸರು

ಹೊಟ್ಟೆಯಲ್ಲಿ ನೀರು ತುಂಬುವುದನ್ನು ನಮ್ಮ ಪ್ರಾಚೀನ ವೈದ್ಯರು ಚೆನ್ನಾಗಿ ಗಮನಿಸಿದ್ದರು. ಆಯುರ್ವೇದದ ಸಂಹಿತೆಗಳು ಉದರರೋಗಗಳನ್ನು ಎಂಟು ಬಗೆಯಾಗಿ ವಿಂಗಡಿಸಿ, ಇದನ್ನು ಜಲೋದರ ಎಂದು ಹೆಸರಿಸಿವೆ. ಹೊಕ್ಕುಳ ಕೆಳಗೆ ಎಡಬದಿಯಲ್ಲಿ ಚುಚ್ಚಿ, ನಾಳವೊಂದರ ಮೂಲಕ ನೀರನ್ನು ಒಂದೇ ಸಲಕ್ಕಲ್ಲ, ಸ್ವಲ್ಪ ಸ್ವಲ್ಪವಾಗಿ ತೆಗೆಯುವ ಕ್ರಮವನ್ನು ಸುಶ್ರುತ ಸಂಹಿತೆ ವಿವರಿಸುತ್ತದೆ. ಒಮ್ಮೆಲೇ ತೆಗೆಯಬಾರದು ಎಂಬ ಎಚ್ಚರಿಕೆ ಇಂದಿಗೂ ಸರಿಯಾದುದೇ.

ಆದರೆ ಜಲೋದರ ಒಂದು ರೋಗವಲ್ಲ, ಹಲವು ರೋಗಗಳು ತೋರುವ ಒಂದು ಲಕ್ಷಣ. ಯಕೃತ್ತು ಕೆಟ್ಟರೂ, ಹೃದಯ ಸೋತರೂ, ಉದರಪೊರೆಗೆ ಕ್ಷಯ ತಗುಲಿದರೂ, ಅಂಡಾಶಯದಲ್ಲಿ ಕ್ಯಾನ್ಸರ್ ಆದರೂ ಹೊಟ್ಟೆಯಲ್ಲಿ ನೀರು ತುಂಬಬಹುದು. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ. ಒಳಗೆ ನೋಡುವ ಉಪಾಯವಿಲ್ಲದ ಕಾಲದಲ್ಲಿ ಲಕ್ಷಣವನ್ನೇ ರೋಗವೆಂದು ಕರೆಯುವುದು ಅನಿವಾರ್ಯವಾಗಿತ್ತು.

1809ರ ಡಿಸೆಂಬರ್ 25

ಅಂಡಾಶಯದ ಗಡ್ಡೆಯನ್ನು ಹೊಟ್ಟೆ ತೆರೆದು ಯಶಸ್ವಿಯಾಗಿ ತೆಗೆದ ಮೊದಲ ದಾಖಲೆ ಅಮೆರಿಕದ ಕೆಂಟಕಿ ರಾಜ್ಯದ್ದು. ಜೇನ್ ಟಾಡ್ ಕ್ರಾಫರ್ಡ್ ಎಂಬ ಮಹಿಳೆಯ ಹೊಟ್ಟೆ ದಿನೇ ದಿನೇ ಬೆಳೆಯುತ್ತಿತ್ತು. ಆಕೆ ಬಸುರಿ, ದಿನ ತುಂಬಿದರೂ ಹೆರಿಗೆಯಾಗುತ್ತಿಲ್ಲ ಎಂದು ಎಲ್ಲರೂ ನಂಬಿದ್ದರು. ಕರೆಸಲಾದ ವೈದ್ಯ ಎಫ್ರಾಯಿಮ್ ಮೆಕ್‌ಡೊವೆಲ್ ಪರೀಕ್ಷಿಸಿ, ಇದು ಬಸಿರಲ್ಲ, ಅಂಡಾಶಯದ ಗಡ್ಡೆ ಎಂದು ತಿಳಿದರು. ಆಕೆ ಕುದುರೆಯೇರಿ ಸುಮಾರು 60 ಮೈಲಿ ದೂರದ ಡ್ಯಾನ್‌ವಿಲ್ ಊರಿನ ವೈದ್ಯರ ಮನೆಗೆ ಬಂದರು. 1809ರ ಡಿಸೆಂಬರ್ 25ರಂದು ಶಸ್ತ್ರಚಿಕಿತ್ಸೆ ನಡೆಯಿತು. ಈಥರ್ ಅರಿವಳಿಕೆ ಬಳಕೆಗೆ ಬರಲು ಇನ್ನೂ 37 ವರ್ಷ ಬಾಕಿಯಿತ್ತು. ಕ್ರಿಮಿಗಳ ಕಲ್ಪನೆಯೂ ಇರಲಿಲ್ಲ. ಸುಮಾರು 25 ನಿಮಿಷದಲ್ಲಿ ಹೊರಬಂದ ಗಡ್ಡೆಯ ತೂಕ 10 ಕಿಲೋಗ್ರಾಂ ಮೀರಿತ್ತು. ಆಕೆ ಚೇತರಿಸಿಕೊಂಡು ಮತ್ತೂ 32 ವರ್ಷ ಬದುಕಿದರು. ಅಂದರೆ ಆ ಗಡ್ಡೆ ಕ್ಯಾನ್ಸರ್ ಆಗಿರಲಿಕ್ಕಿಲ್ಲ.

(ಸಕಲೇಶಪುರದ ಸರ್ಕಾರಿ ಆಸ್ಪತ್ರೆಯನ್ನು ಜನ ಕ್ರಾಫರ್ಡ್ ಆಸ್ಪತ್ರೆ ಎಂದು ಕರೆಯುತ್ತಾರೆ. ಆ ಹೆಸರು ಇಲ್ಲಿನ ಕಾಫಿ ಪ್ಲಾಂಟರ್ ಒಬ್ಬರದು. ಎರಡು ಹೆಸರುಗಳ ಹೋಲಿಕೆ ಆಕಸ್ಮಿಕ.)

ಈ ಘಟನೆಯನ್ನು ಶಸ್ತ್ರವೈದ್ಯದ ಸಾಹಸವೆಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ನಮಗೆ ಬೇಕಾದ ಅಂಶ ಬೇರೆ. ಹೊಟ್ಟೆ ಬೆಳೆಯುತ್ತಿದೆ ಎಂಬ ಲಕ್ಷಣ ಎಲ್ಲರ ಕಣ್ಣಿಗೂ ಬಿದ್ದಿತ್ತು, ಆದರೆ ಹೆಚ್ಚು ಪರಿಚಿತವಾದ ಕಾರಣವನ್ನು ಅದಕ್ಕೆ ಅಂಟಿಸಲಾಗಿತ್ತು. ಅಂದು ಬಸಿರು, ಇಂದು ‘ಗ್ಯಾಸ್ಟ್ರಿಕ್’. ಎಡವುವ ಬಗೆ ಬದಲಾಗಿಲ್ಲ.

ಅರಿವಳಿಕೆ ಬಂದ ಮೇಲೆ ಇಂಥ ಶಸ್ತ್ರಚಿಕಿತ್ಸೆ ಹೆಚ್ಚಿತು. ಲಂಡನ್ನಿನ ಸ್ಪೆನ್ಸರ್ ವೆಲ್ಸ್ 1858ರಿಂದ 1880ರೊಳಗೆ ಇಂಥ ಸಾವಿರ ಶಸ್ತ್ರಚಿಕಿತ್ಸೆಗಳನ್ನು ನಡೆಸಿದರು. ಆದರೆ ಅವರ ಮುಂದೆ ಬಂದವರೆಲ್ಲ ಹೊಟ್ಟೆ ಎದ್ದು ಕಾಣುವಷ್ಟು ಬೆಳೆದಿದ್ದವರು. ಗಡ್ಡೆ ಸಣ್ಣದಿದ್ದಾಗ ಮಹಿಳೆಗೆ ಏನನ್ನಿಸುತ್ತದೆ ಎಂದು ಯಾರೂ ಕೇಳಿರಲಿಲ್ಲ.

ಶಬ್ದದಿಂದ ನೋಡುವುದು

ಹೊಟ್ಟೆಯನ್ನು ಕೊಯ್ಯದೆ ಒಳಗೆ ನೋಡುವ ಸಾಧನ ಬಂದದ್ದು ಕಾರ್ಖಾನೆಯಿಂದ. ಲೋಹದ ತಗಡು, ಬೆಸುಗೆಗಳಲ್ಲಿನ ಬಿರುಕು ಪತ್ತೆಮಾಡಲು ಶ್ರವಣಾತೀತ ಧ್ವನಿತರಂಗಗಳನ್ನು ಬಳಸುತ್ತಿದ್ದರು. ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದ ಪ್ರಸೂತಿ ತಜ್ಞ ಇಯಾನ್ ಡೊನಾಲ್ಡ್ 1955ರಲ್ಲಿ ಬಾಯ್ಲರ್ ತಯಾರಿಸುವ ಕಾರ್ಖಾನೆಯೊಂದಕ್ಕೆ ಹೋದರು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗರ್ಭಕೋಶದ ಗಡ್ಡೆಗಳನ್ನೂ ಅಂಡಾಶಯದ ನೀರ್ಗುಳ್ಳೆಯನ್ನೂ ಕಾರಿನ ಡಿಕ್ಕಿಯಲ್ಲಿ ತುಂಬಿಕೊಂಡು ಹೋಗಿದ್ದರು. ಹೋಲಿಕೆಗಾಗಿ ಒಂದು ತುಂಡು ಮಾಂಸವನ್ನೂ ಇಟ್ಟು ನೋಡಿದರು. ಗಟ್ಟಿ ಗಡ್ಡೆಯ ಪ್ರತಿಧ್ವನಿಯೇ ಬೇರೆ, ನೀರು ತುಂಬಿದ ಗುಳ್ಳೆಯ ಪ್ರತಿಧ್ವನಿಯೇ ಬೇರೆ ಎಂದು ಸ್ಪಷ್ಟವಾಯಿತು.

ಮುಂದೆ ಎಂಜಿನಿಯರ್ ಟಾಮ್ ಬ್ರೌನ್, ವೈದ್ಯ ಜಾನ್ ಮ್ಯಾಕ್‌ವಿಕಾರ್ ಅವರೊಡನೆ ಸೇರಿ ಡೊನಾಲ್ಡ್ ಯಂತ್ರವನ್ನು ಸುಧಾರಿಸಿದರು. ಆ ದಿನಗಳಲ್ಲಿ ಅವರ ಬಳಿಗೆ ಬಂದ ಮಹಿಳೆಯೊಬ್ಬರ ಹೊಟ್ಟೆ ವಿಪರೀತ ಊದಿಕೊಂಡಿತ್ತು. ಜಠರದ ಕ್ಯಾನ್ಸರ್ ಕೈಮೀರಿದೆ, ಹೊಟ್ಟೆಯಲ್ಲಿ ನೀರು ತುಂಬಿದೆ ಎಂದು ಇತರ ವೈದ್ಯರು ಕೈಚೆಲ್ಲಿದ್ದರು. ಯಂತ್ರ ತೋರಿಸಿದ ಚಿತ್ರ ಬೇರೆಯಾಗಿತ್ತು: ಗೋಡೆಯಿರುವ ಒಂದು ದೊಡ್ಡ ನೀರ್ಗುಳ್ಳೆ. ಶಸ್ತ್ರಚಿಕಿತ್ಸೆ ಮಾಡಿದಾಗ ಅದು ಅಂಡಾಶಯದ ಅಪಾಯವಿಲ್ಲದ ಗುಳ್ಳೆಯೆಂದು ಸಾಬೀತಾಯಿತು, ಆಕೆ ಗುಣವಾದರು. 1958ರ ಜೂನ್ 7ರ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಈ ತಂಡದ ಲೇಖನ ಪ್ರಕಟವಾಯಿತು.

ನಮ್ಮಲ್ಲಿ ‘ಸ್ಕ್ಯಾನಿಂಗ್’ ಎಂದರೆ ಬಸುರಿಯರಿಗೆ ಮಾಡುವ ಪರೀಕ್ಷೆ ಎಂಬ ಭಾವನೆ ಬಲವಾಗಿದೆ. ಆದರೆ 1958ರ ಆ ಲೇಖನದ ವಿಷಯವೇ ಹೊಟ್ಟೆಯ ಗಡ್ಡೆಗಳು. ಮುಟ್ಟು ನಿಂತ ಮಹಿಳೆಗೆ ಸ್ಕ್ಯಾನಿಂಗ್ ಹೇಳಿದರೆ ಸಂಕೋಚಪಡಬೇಕಾದ್ದೇನೂ ಇಲ್ಲ.

125ನೆಯ ಪ್ರತಿಕಾಯ

ಮುಂದಿನ ಹೆಜ್ಜೆ ರಕ್ತಪರೀಕ್ಷೆಯದು. ಅಮೆರಿಕದ ಬೋಸ್ಟನ್ ನಗರದಲ್ಲಿ ರಾಬರ್ಟ್ ಬ್ಯಾಸ್ಟ್ ಮತ್ತು ಸಂಗಡಿಗರು ಅಂಡಾಶಯದ ಕ್ಯಾನ್ಸರ್ ಕೋಶಗಳಿಗೆ ಅಂಟಿಕೊಳ್ಳುವ ಪ್ರತಿಕಾಯಕ್ಕಾಗಿ ಒಂದೊಂದಾಗಿ ಹುಡುಕುತ್ತ ಹೋದರು. ಯಶಸ್ಸು ಸಿಕ್ಕಿದ್ದು 125ನೆಯದರಲ್ಲಿ. 1981ರಲ್ಲಿ ಅದನ್ನು ಪ್ರಕಟಿಸಿದರು. ಆ ಪ್ರತಿಕಾಯ ಗುರುತಿಸುವ ಪ್ರೋಟೀನಿಗೆ ಸಿಎ-125 ಎಂಬ ಹೆಸರು ಬಂತು. 1983ರ ಹೊತ್ತಿಗೆ ಅದನ್ನು ರಕ್ತದಲ್ಲಿ ಅಳೆಯುವ ವಿಧಾನ ಸಿದ್ಧವಾಯಿತು. ಮಿಲಿಲೀಟರಿಗೆ 35 ಘಟಕಕ್ಕಿಂತ ಹೆಚ್ಚಿದ್ದರೆ ಗಮನಿಸಬೇಕು ಎಂಬುದು ಸಾಮಾನ್ಯ ನಿಯಮ.

ಇದರ ಮಿತಿಗಳನ್ನೂ ತಿಳಿದಿರಬೇಕು. ರೋಗದ ಆರಂಭದಲ್ಲಿ ಸುಮಾರು ಅರ್ಧದಷ್ಟು ಮಹಿಳೆಯರಲ್ಲಿ ಮಾತ್ರ ಇದು ಏರುತ್ತದೆ. ಮತ್ತೊಂದು ಕಡೆ ಕ್ಯಾನ್ಸರ್ ಇಲ್ಲದಿದ್ದರೂ ಏರಬಹುದು: ಮುಟ್ಟಿನ ದಿನಗಳಲ್ಲಿ, ಬಸುರಿನಲ್ಲಿ, ಯಕೃತ್ತಿನ ರೋಗದಲ್ಲಿ, ಉದರಪೊರೆಯ ಕ್ಷಯದಲ್ಲಿ. ಕ್ಷಯ ಇನ್ನೂ ವ್ಯಾಪಕವಾಗಿರುವ ನಮ್ಮ ದೇಶಕ್ಕೆ ಈ ಕೊನೆಯ ಅಂಶ ಮುಖ್ಯ. ಹೊಟ್ಟೆಯಲ್ಲಿ ನೀರು, ತೂಕ ಇಳಿತ, ಏರಿದ ಸಿಎ-125, ಇವು ಮೂರೂ ಇದ್ದು ಕೊನೆಗೆ ಕ್ಷಯವೆಂದು ಗೊತ್ತಾಗಿ ಔಷಧದಿಂದಲೇ ಗುಣವಾಗುವ ರೋಗಿಗಳಿದ್ದಾರೆ. ಆದ್ದರಿಂದ ರಕ್ತಪರೀಕ್ಷೆಯ ಒಂದು ಸಂಖ್ಯೆ ನೋಡಿ ಮನೆಯವರು ತೀರ್ಮಾನಕ್ಕೆ ಬರಬಾರದು.

ರೋಗಿಗಳನ್ನೇ ಕೇಳಿದಾಗ

ಯಂತ್ರವೂ ಬಂತು, ರಕ್ತಪರೀಕ್ಷೆಯೂ ಬಂತು. ಆದರೂ ಬಹುಪಾಲು ಮಹಿಳೆಯರಲ್ಲಿ ರೋಗ ಪತ್ತೆಯಾಗುತ್ತಿದ್ದುದು ಹೊಟ್ಟೆಯಲ್ಲೆಲ್ಲ ಹರಡಿದ ಮೇಲೆಯೇ. ಯಾರನ್ನು ಪರೀಕ್ಷಿಸಬೇಕು ಎಂದು ತಿಳಿಯದಿದ್ದರೆ ಒಳ್ಳೆಯ ಪರೀಕ್ಷೆಯಿದ್ದೂ ಪ್ರಯೋಜನವಿಲ್ಲವಲ್ಲ?

ತಿರುವು ತಂದವರಲ್ಲಿ ಒಬ್ಬರು ಸ್ವತಃ ರೋಗಿ. ಅಮೆರಿಕದ ಟೆಕ್ಸಾಸ್ ರಾಜ್ಯದ ದಾದಿ ಸಿಂಡಿ ಮೆಲಾನ್‌ಸನ್ ಅವರಿಗೆ ಅಂಡಾಶಯದ ಕ್ಯಾನ್ಸರ್ ಇತ್ತು. ಇದೇ ರೋಗವಿದ್ದ ಮಹಿಳೆಯರಿಗಾಗಿ ಅವರು ಒಂದು ಸಣ್ಣ ಪತ್ರಿಕೆ ನಡೆಸುತ್ತಿದ್ದರು. “ನನಗೆ ಮುಂಚಿನಿಂದಲೂ ತೊಂದರೆಯಿತ್ತು, ಯಾರೂ ಕಿವಿಗೊಡಲಿಲ್ಲ” ಎಂಬ ಧಾಟಿಯ ಅನುಭವ ಅವರ ಓದುಗರಲ್ಲಿ ಮತ್ತೆ ಮತ್ತೆ ಕಾಣುತ್ತಿತ್ತು. ಸಿಯಾಟಲ್ ನಗರದ ತಜ್ಞೆ ಡಾ. ಬಾರ್ಬರಾ ಗಾಫ್ ಅವರ ತಂಡ ಮೆಲಾನ್‌ಸನ್ ಅವರ ಜೊತೆ ಸೇರಿ ಒಂದು ಪ್ರಶ್ನಾವಳಿ ಸಿದ್ಧಪಡಿಸಿತು. 1,725 ಮಹಿಳೆಯರು ಉತ್ತರಿಸಿದರು. ಫಲಿತಾಂಶ 2000ದಲ್ಲಿ ಪ್ರಕಟವಾಯಿತು.

ನೂರಕ್ಕೆ 95 ಮಂದಿಗೆ ರೋಗ ಪತ್ತೆಯಾಗುವ ಮೊದಲೇ ಲಕ್ಷಣಗಳಿದ್ದವು. ಆರಂಭದ ಹಂತದಲ್ಲಿ ಪತ್ತೆಯಾದವರಲ್ಲೂ ಹತ್ತರಲ್ಲಿ ಒಂಬತ್ತು ಮಂದಿಗೆ ಇದ್ದವು. ಆ ಲಕ್ಷಣಗಳು ಯಾವುವು? ಶೇಕಡ 77ರಷ್ಟು ಮಂದಿ ಹೊಟ್ಟೆಯ ತೊಂದರೆಗಳನ್ನು, ಶೇಕಡ 70ರಷ್ಟು ಜೀರ್ಣಾಂಗದ ತೊಂದರೆಗಳನ್ನು, ಶೇಕಡ 34ರಷ್ಟು ಮೂತ್ರದ ತೊಂದರೆಗಳನ್ನು ಹೇಳಿದರು. ಸ್ತ್ರೀರೋಗವೆಂದು ತಕ್ಷಣ ಹೊಳೆಯುವಂಥ ಕಿಬ್ಬೊಟ್ಟೆಯ ಲಕ್ಷಣ ಹೇಳಿದವರು ಶೇಕಡ 26 ಮಾತ್ರ. ಹಲವರಿಗೆ ಕರುಳಿನ ಕಿರಿಕಿರಿ, ಜಠರದ ಉರಿ, ಮಾನಸಿಕ ಒತ್ತಡ ಎಂದು ಚಿಕಿತ್ಸೆ ನಡೆದಿತ್ತು. ‘ನಿಮಗೇನೂ ಇಲ್ಲ’ ಎಂದು ಹೇಳಿಸಿಕೊಂಡವರೂ ಇದ್ದರು. ರೋಗ ಮೌನವಾಗಿರಲಿಲ್ಲ, ಅದು ಆಡಿದ ಮಾತನ್ನು ಬೇರೆ ಅಂಗದ ಮಾತೆಂದು ತಿಳಿಯಲಾಗಿತ್ತು.

ಹೆಸರಲ್ಲ, ಲೆಕ್ಕ ಮುಖ್ಯ

ವಿಜ್ಞಾನದ ವಿದ್ಯಾರ್ಥಿಗೆ ಇಲ್ಲಿ ಒಂದು ಸಂದೇಹ ಬರಬೇಕು. ಕ್ಯಾನ್ಸರ್ ಇದೆಯೆಂದು ತಿಳಿದ ಮೇಲೆ ಹಿಂದಿರುಗಿ ನೋಡಿದರೆ ಪ್ರತಿಯೊಂದು ಹೊಟ್ಟೆನೋವೂ ಮುನ್ಸೂಚನೆಯಂತೆ ಕಾಣುವುದಿಲ್ಲವೆ? ಕ್ಯಾನ್ಸರ್ ಇಲ್ಲದವರಿಗೂ ಹೊಟ್ಟೆ ಉಬ್ಬರಿಸುತ್ತದೆಯಲ್ಲ? ಟೀಕಾಕಾರರು ಕೇಳಿದ್ದೂ ಇದನ್ನೇ.

ಗಾಫ್ ತಂಡ 2004ರಲ್ಲಿ ಇನ್ನೊಂದು ಅಧ್ಯಯನದಿಂದ ಉತ್ತರ ಕೊಟ್ಟಿತು. ಈ ಸಲ ಹೋಲಿಕೆಗೆ ಎರಡು ಗುಂಪು. ಒಂದರಲ್ಲಿ ಸಾಮಾನ್ಯ ಚಿಕಿತ್ಸಾಲಯಗಳಿಗೆ ಬಂದಿದ್ದ 1,709 ಮಹಿಳೆಯರು. ಇನ್ನೊಂದರಲ್ಲಿ ಕಿಬ್ಬೊಟ್ಟೆಯ ಗಡ್ಡೆಗಾಗಿ ಶಸ್ತ್ರಚಿಕಿತ್ಸೆಗೆ ಕಾಯುತ್ತಿದ್ದ 128 ಮಹಿಳೆಯರು. ಗಡ್ಡೆ ಕ್ಯಾನ್ಸರೋ ಅಲ್ಲವೋ ಎಂದು ಖಚಿತವಾಗುವ ಮೊದಲೇ ಇವರಿಂದ ಉತ್ತರ ಪಡೆಯಲಾಯಿತು. ಇವರಲ್ಲಿ 44 ಮಂದಿಗೆ ಕ್ಯಾನ್ಸರ್ ಇತ್ತು.

ಎರಡೂ ಗುಂಪಿನವರು ಹೇಳಿದ ಲಕ್ಷಣಗಳ ಹೆಸರು ಒಂದೇ ಆಗಿದ್ದವು. ವ್ಯತ್ಯಾಸ ಇದ್ದದ್ದು ಲೆಕ್ಕದಲ್ಲಿ. ಸಾಮಾನ್ಯ ಮಹಿಳೆಯರಿಗೆ ತೊಂದರೆ ತಿಂಗಳಿಗೆ ಎರಡು ಮೂರು ಸಲ ಬಂದು ಹೋಗುತ್ತಿತ್ತು. ಕ್ಯಾನ್ಸರ್ ಇದ್ದವರಲ್ಲಿ ತಿಂಗಳಿಗೆ 20ರಿಂದ 30 ಸಲ, ಅಂದರೆ ಹೆಚ್ಚುಕಡಿಮೆ ದಿನವೂ ಇರುತ್ತಿತ್ತು. ಉಬ್ಬರ, ಹೊಟ್ಟೆಯ ಸುತ್ತಳತೆಯ ಹೆಚ್ಚಳ, ಮೂತ್ರದ ಅವಸರ ಮೂರೂ ಒಟ್ಟಿಗೆ ಇದ್ದದ್ದು ಕ್ಯಾನ್ಸರ್ ರೋಗಿಗಳಲ್ಲಿ ಶೇಕಡ 43, ಚಿಕಿತ್ಸಾಲಯದ ಮಹಿಳೆಯರಲ್ಲಿ ಶೇಕಡ 8.

ಇದರ ಆಧಾರದ ಮೇಲೆ 2007ರಲ್ಲಿ ಒಂದು ‘ಲಕ್ಷಣ ಸೂಚಿ’ ರೂಪುಗೊಂಡಿತು. ಕೆಲವು ನಿರ್ದಿಷ್ಟ ಲಕ್ಷಣಗಳಲ್ಲಿ ಯಾವುದಾದರೂ ಒಂದು ವರ್ಷದೊಳಗೆ ಹೊಸದಾಗಿ ಶುರುವಾಗಿ, ತಿಂಗಳಲ್ಲಿ 12ಕ್ಕಿಂತ ಹೆಚ್ಚು ದಿನ ಕಾಣಿಸಿಕೊಂಡರೆ ಪರೀಕ್ಷೆ ಮಾಡಿಸಬೇಕು ಎಂಬುದು ಅದರ ಸಾರ. ಈ ಸೂಚಿ ಆರಂಭದ ಹಂತದ ರೋಗಿಗಳಲ್ಲಿ ನೂರಕ್ಕೆ ಸುಮಾರು 57, ಮುಂದುವರಿದ ಹಂತದವರಲ್ಲಿ ಸುಮಾರು 80 ಮಂದಿಯನ್ನು ಗುರುತಿಸಿತು. ಐವತ್ತು ದಾಟಿದ ಆರೋಗ್ಯವಂತರಲ್ಲಿ ನೂರಕ್ಕೆ 10 ಮಂದಿಯನ್ನು ತಪ್ಪಾಗಿ ಗುರುತಿಸಿತು.

ಈ ಕೊನೆಯ ಸಂಖ್ಯೆಯ ಅರ್ಥವನ್ನು ತರಗತಿಯಲ್ಲಿ ಲೆಕ್ಕ ಹಾಕಿ ನೋಡಬಹುದು. ಐವತ್ತು ದಾಟಿದ 10,000 ಮಹಿಳೆಯರಲ್ಲಿ 5 ಮಂದಿಗೆ ರೋಗವಿದೆ ಎಂದು ಊಹಿಸಿಕೊಳ್ಳಿ. ಸೂಚಿ ಅವರಲ್ಲಿ 4 ಮಂದಿಯನ್ನು ಹಿಡಿಯಿತೆನ್ನೋಣ. ಉಳಿದ 9,995 ಮಂದಿಯಲ್ಲಿ ಶೇಕಡ 10 ಎಂದರೆ ಸುಮಾರು 1,000 ಮಂದಿಯನ್ನೂ ಅದು ಬೊಟ್ಟುಮಾಡುತ್ತದೆ. ಅಂದರೆ ಸುಮಾರು 250 ಜನರನ್ನು ಪರೀಕ್ಷಿಸಿದರೆ ಒಬ್ಬರಿಗೆ ರೋಗ. ಆದ್ದರಿಂದ ಊರಿನ ಎಲ್ಲ ಮಹಿಳೆಯರಿಗೂ ಪ್ರಶ್ನಾವಳಿ ಹಂಚಿ ಹೆದರಿಸುವುದು ಸರಿಯಲ್ಲ. ತಾನಾಗಿ ತೊಂದರೆ ಹೇಳಿಕೊಂಡು ಬಂದವರಲ್ಲಿ ಮಾತ್ರ ಇದರ ಉಪಯೋಗ ಹೆಚ್ಚು.

ಇಂಗ್ಲೆಂಡಿನ ಡೆವನ್ ಪ್ರಾಂತ್ಯದಲ್ಲಿ 39 ಚಿಕಿತ್ಸಾಲಯಗಳ ಹಳೆಯ ಕಡತಗಳನ್ನು ತೆರೆದು ನಡೆಸಿದ ಅಧ್ಯಯನ 2009ರಲ್ಲಿ ಇದನ್ನು ಗಟ್ಟಿಮಾಡಿತು. ಕಡತಗಳು ರೋಗ ಪತ್ತೆಯಾಗುವ ಮೊದಲೇ ಬರೆದಿಟ್ಟವು. ನೆನಪಿನ ದೋಷಕ್ಕೆ ಎಡೆಯಿಲ್ಲ. ಅಂಡಾಶಯದ ಕ್ಯಾನ್ಸರ್ ಪತ್ತೆಯಾದ 212 ಮಹಿಳೆಯರಲ್ಲಿ ಶೇಕಡ 85 ಮಂದಿ ಅದಕ್ಕೆ ಮೊದಲೇ ವೈದ್ಯರ ಬಳಿ ಲಕ್ಷಣ ಹೇಳಿಕೊಂಡಿದ್ದರು. ಹೊಟ್ಟೆ ಊದಿಕೊಂಡಿದೆ ಎಂದು ಬಂದ ನಲವತ್ತು ದಾಟಿದ ಮಹಿಳೆಯರಲ್ಲಿ ಸುಮಾರು 40ಕ್ಕೆ ಒಬ್ಬರಿಗೆ ಈ ಕ್ಯಾನ್ಸರ್ ಇತ್ತು. ಉಳಿದ 39 ಮಂದಿಗೆ ಇರಲಿಲ್ಲ ಎಂಬುದು ಸಮಾಧಾನದ ಸಂಗತಿ. ಆ ಒಬ್ಬರನ್ನು ಬಿಡಬಾರದು ಎಂಬುದು ಕರ್ತವ್ಯದ ಸಂಗತಿ.

ಎರಡು ಲಕ್ಷ ಮಹಿಳೆಯರ ಪ್ರಯೋಗ

ಲಕ್ಷಣ ಕಾಣುವವರೆಗೆ ಕಾಯುವುದೇಕೆ, ಆರೋಗ್ಯವಂತರನ್ನೇ ವರ್ಷಕ್ಕೊಮ್ಮೆ ಪರೀಕ್ಷಿಸಬಾರದೇಕೆ? ಈ ಪ್ರಶ್ನೆಗೆ ಬ್ರಿಟನ್ನಿನಲ್ಲಿ ಬೃಹತ್ ಪ್ರಯೋಗ ನಡೆಯಿತು. 2001ರಿಂದ 2005ರವರೆಗೆ ಮುಟ್ಟು ನಿಂತ 2,02,638 ಮಹಿಳೆಯರನ್ನು ಸೇರಿಸಿಕೊಂಡು ಮೂರು ಗುಂಪು ಮಾಡಲಾಯಿತು. ಒಂದಕ್ಕೆ ವರ್ಷವೂ ಸಿಎ-125 ಪರೀಕ್ಷೆ, ಇನ್ನೊಂದಕ್ಕೆ ಸ್ಕ್ಯಾನಿಂಗ್, ಮೂರನೆಯದಕ್ಕೆ ಏನೂ ಇಲ್ಲ. ಅಂತಿಮ ಫಲಿತಾಂಶ 2021ರಲ್ಲಿ ಬಂತು. ರಕ್ತಪರೀಕ್ಷೆಯ ಗುಂಪಿನಲ್ಲಿ ಹೆಚ್ಚು ಕ್ಯಾನ್ಸರುಗಳು ಆರಂಭದ ಹಂತದಲ್ಲಿ ಪತ್ತೆಯಾದವು. ಆದರೆ ಈ ರೋಗದಿಂದ ಸತ್ತವರ ಪ್ರಮಾಣ ಯಾವ ಗುಂಪಿನಲ್ಲೂ ಕಡಿಮೆಯಾಗಲಿಲ್ಲ.

ಕಾರಣದ ಒಂದು ಭಾಗ ಜೀವಕೋಶಗಳ ಮಟ್ಟದಲ್ಲಿದೆ. ಈ ಕ್ಯಾನ್ಸರಿನ ಅತ್ಯಂತ ಸಾಮಾನ್ಯವೂ ಉಗ್ರವೂ ಆದ ಬಗೆ ಅನೇಕ ವೇಳೆ ಹುಟ್ಟುವುದು ಅಂಡಾಶಯದಲ್ಲಲ್ಲ, ಅದರ ಪಕ್ಕದ ಅಂಡನಾಳದ ತುದಿಯಲ್ಲಿ ಎಂದು 2001ರಿಂದೀಚಿನ ಸಂಶೋಧನೆಗಳು ತೋರಿಸಿವೆ. ಅಲ್ಲಿಂದ ಉದುರಿದ ಕೋಶಗಳು, ಸ್ಕ್ಯಾನಿಂಗಿನಲ್ಲಿ ಗಡ್ಡೆ ಕಾಣಿಸುವ ಮೊದಲೇ ಹೊಟ್ಟೆಯೊಳಗೆ ಹರಡಿರಬಹುದು.

ಹಾಗಾದರೆ ಲಕ್ಷಣಗಳನ್ನು ಗಮನಿಸಿ ಏನು ಪ್ರಯೋಜನ? ಪ್ರಯೋಜನವಿದೆ. ಗರ್ಭಕೊರಳಿನ ಕ್ಯಾನ್ಸರಿಗೆ ಪ್ಯಾಪ್ ಪರೀಕ್ಷೆ ಇರುವಂತೆ ಇದಕ್ಕೆ ತಪಾಸಣಾ ಪರೀಕ್ಷೆ ಇಲ್ಲವಾದ್ದರಿಂದ ಉಳಿದಿರುವ ದಾರಿ ಇದೊಂದೇ. ಅಂಡಾಶಯದಲ್ಲೇ ಉಳಿದಿದ್ದಾಗ ಚಿಕಿತ್ಸೆಯಾದರೆ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಐದು ವರ್ಷ ಮೀರಿ ಬದುಕುತ್ತಾರೆ. ದೂರಕ್ಕೆ ಹರಡಿದ್ದರೆ ಮೂವರು. ಹರಡಿದ್ದರೂ ಕಡಿಮೆ ಹರಡಿದ್ದಷ್ಟೂ ಶಸ್ತ್ರವೈದ್ಯರು ಪೂರ್ತಿ ತೆಗೆದುಹಾಕುವುದು ಸಾಧ್ಯ. ಲಕ್ಷಣ ಕಂಡ ಕೂಡಲೇ ತ್ವರಿತ ಪರೀಕ್ಷೆಗೆ ಕಳುಹಿಸಿದ ಮಹಿಳೆಯರ ಬಗ್ಗೆ ಬ್ರಿಟನ್ನಿನಲ್ಲಿ 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಉಗ್ರ ಬಗೆಯ ರೋಗವಿದ್ದವರಲ್ಲೂ ನಾಲ್ಕರಲ್ಲೊಬ್ಬರು ಆರಂಭದ ಹಂತಗಳಲ್ಲಿದ್ದರು.

ಕರ್ನಾಟಕದಲ್ಲಿ

ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ 1973ರಲ್ಲಿ ಆರಂಭವಾಗಿ 1980ರಲ್ಲಿ ಸ್ವಾಯತ್ತ ಸಂಸ್ಥೆಯಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮವನ್ನು ಶುರುಮಾಡಿದಾಗ ಬೆಂಗಳೂರು, ಮುಂಬಯಿ, ಚೆನ್ನೈ ನಗರಗಳನ್ನು ಜನಸಂಖ್ಯಾ ನೋಂದಣಿಗೆ ಮೊದಲು ಆರಿಸಿತು. 1982ರಿಂದ ಬೆಂಗಳೂರಿನ ನೋಂದಣಿ ಕಿದ್ವಾಯಿ ಸಂಸ್ಥೆಯಲ್ಲಿ ನಡೆದುಬಂದಿದೆ. ಯಾವ ಅಂಗದ ಕ್ಯಾನ್ಸರ್ ಎಷ್ಟು ಎಂಬ ನಮ್ಮ ತಿಳಿವಳಿಕೆಗೆ ಇಂಥ ನೋಂದಣಿಗಳೇ ಅಡಿಪಾಯ. ಭಾರತದ ಮಹಿಳೆಯರಲ್ಲಿ ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರುಗಳ ನಂತರದ ಸ್ಥಾನ ಅಂಡಾಶಯದ್ದು. 2020ರ ಅಂತರರಾಷ್ಟ್ರೀಯ ಅಂದಾಜಿನಂತೆ ಆ ವರ್ಷ ದೇಶದಲ್ಲಿ ಸುಮಾರು 45 ಸಾವಿರ ಹೊಸ ರೋಗಿಗಳು, ಸುಮಾರು 32 ಸಾವಿರ ಸಾವುಗಳು.

ನೋಂದಣಿ ರೋಗ ಪತ್ತೆಯಾದ ದಿನದಿಂದ ಎಣಿಸುತ್ತದೆ. ಅದಕ್ಕೆ ಮೊದಲು ಮಹಿಳೆ ಮನೆಯಲ್ಲಿ, ತೋಟದ ಕೆಲಸದ ನಡುವೆ, ಔಷಧದ ಅಂಗಡಿಯ ಮುಂದೆ ಏನು ಹೇಳಿದರೆಂಬುದು ಅಲ್ಲಿ ದಾಖಲಾಗುವುದಿಲ್ಲ. ಸ್ತ್ರೀದೇಹದ ತೊಂದರೆಗಳನ್ನು ಕನ್ನಡದಲ್ಲಿ ಸಂಕೋಚವಿಲ್ಲದೆ ಹೇಳುವ ಭಾಷೆಯೂ ಕಷ್ಟಪಟ್ಟು ಬಂದದ್ದೇ. ತೀರ್ಥಹಳ್ಳಿಯಲ್ಲಿ ಹುಟ್ಟಿದ ವೈದ್ಯೆ, ಕಾದಂಬರಿಕಾರ್ತಿ ಡಾ. ಅನುಪಮಾ ನಿರಂಜನ ‘ತಾಯಿ-ಮಗು’, ‘ದಾಂಪತ್ಯ ದೀಪಿಕೆ’ಯಂಥ ಪುಸ್ತಕಗಳಿಂದ ಆ ದಾರಿ ಮಾಡಿಕೊಟ್ಟವರು. ಅವರು 1991ರಲ್ಲಿ ಕ್ಯಾನ್ಸರಿನಿಂದಲೇ ತೀರಿಕೊಂಡರು.

ಸರ್ಕಾರದ ತಪಾಸಣಾ ಕಾರ್ಯಕ್ರಮದಲ್ಲಿ 30 ದಾಟಿದವರಿಗೆ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರಿನ ಪರೀಕ್ಷೆ ಇದೆ, ಅಂಡಾಶಯದ್ದಿಲ್ಲ. ಮೇಲೆ ಹೇಳಿದ ಕಾರಣಕ್ಕೆ ಇದು ಸರಿಯೇ. ಆದರೆ ಇದರಿಂದ ಒಂದು ತಪ್ಪು ಕಲ್ಪನೆ ಹುಟ್ಟುತ್ತದೆ: ‘ಗರ್ಭಕೋಶದ ಪರೀಕ್ಷೆ ಆಗಿದೆ, ಏನೂ ಇಲ್ಲ ಎಂದಿದ್ದಾರೆ’ ಎಂದು ಸುಮ್ಮನಾಗುವುದು. ಗರ್ಭಕೊರಳಿನ ಪರೀಕ್ಷೆ ಅಂಡಾಶಯದ ಬಗ್ಗೆ ಏನನ್ನೂ ಹೇಳುವುದಿಲ್ಲ. ‘ಗರ್ಭಕೋಶ ತೆಗೆಸಿಯಾಗಿದೆ’ ಎನ್ನುವವರಲ್ಲೂ ಅಂಡಾಶಯಗಳನ್ನು ಉಳಿಸಿರಬಹುದು.

ಮಾರನಹಳ್ಳಿಯಂಥ ಊರಿನಿಂದ ಮೊದಲ ಮೆಟ್ಟಿಲು ಸಕಲೇಶಪುರದ ಸರ್ಕಾರಿ ಆಸ್ಪತ್ರೆ, ಮುಂದಿನದು ಹಾಸನದ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆ. ಸಂಶಯ ಬಲವಾದರೆ ಬೆಂಗಳೂರು, ಅಥವಾ ಘಟ್ಟ ಇಳಿದು ಮಂಗಳೂರು. ಮಳೆಗಾಲದಲ್ಲಿ ಘಾಟಿಯ ರಸ್ತೆ ಕುಸಿದು ಸಂಚಾರ ನಿಲ್ಲುವುದುಂಟು. ಕಾಫಿ ಕೊಯ್ಲಿನಲ್ಲಿ ಒಂದು ದಿನ ಬಿಟ್ಟರೆ ಒಂದು ದಿನದ ಕೂಲಿ ಹೋಗುತ್ತದೆ. ‘ಮುಂದಿನ ತಿಂಗಳು ನೋಡೋಣ’ ಎನ್ನಲು ಇಲ್ಲಿ ನಿಜವಾದ ಕಾರಣಗಳಿವೆ. ಆದ್ದರಿಂದಲೇ ಯಾವ ತೊಂದರೆಗೆ ಕಾಯಬಹುದು, ಯಾವುದಕ್ಕೆ ಕಾಯಬಾರದು ಎಂದು ಬೇರ್ಪಡಿಸುವ ನಿಯಮ ಇಲ್ಲಿಗೇ ಹೆಚ್ಚು ಬೇಕು.

ಗಮನಿಸಬೇಕಾದ ಲಕ್ಷಣಗಳು

1. ಹೊಟ್ಟೆ ಉಬ್ಬರ, ಅಥವಾ ಹೊಟ್ಟೆಯ ಸುತ್ತಳತೆ ಹೆಚ್ಚುತ್ತ ಹೋಗುವುದು (ಮೈ ಸೊರಗುತ್ತಿದ್ದರೂ ಸೀರೆಯ ಲಂಗದ ಲಾಡಿ ಬಿಗಿಯಾಗುವುದು).
2. ಸ್ವಲ್ಪ ಉಂಡರೂ ಹೊಟ್ಟೆ ತುಂಬಿದಂತೆ ಆಗುವುದು, ಹಸಿವು ಕಡಿಮೆಯಾಗುವುದು.
3. ಹೊಟ್ಟೆ ಅಥವಾ ಕಿಬ್ಬೊಟ್ಟೆಯ ನೋವು.
4. ಮೂತ್ರಕ್ಕೆ ಪದೇಪದೇ ಹೋಗಬೇಕಾಗುವುದು, ತಡೆಯಲಾಗದ ಅವಸರ.

ಇವುಗಳಲ್ಲಿ ಯಾವುದಾದರೂ ಹೊಸದಾಗಿ ಶುರುವಾಗಿ, ತಿಂಗಳಲ್ಲಿ 12ಕ್ಕಿಂತ ಹೆಚ್ಚು ದಿನ ಇದ್ದರೆ ವೈದ್ಯರನ್ನು ಕಾಣಬೇಕು. ಐವತ್ತು ದಾಟಿದವರಿಗೆ ಇದು ಇನ್ನೂ ಮುಖ್ಯ. ಈ ವಯಸ್ಸಿನಲ್ಲಿ ಮೊದಲ ಬಾರಿಗೆ ಕರುಳಿನ ಕಿರಿಕಿರಿ ಶುರುವಾದರೆ ಅಂಡಾಶಯವನ್ನೂ ಪರೀಕ್ಷಿಸಬೇಕೆಂದು ಬ್ರಿಟನ್ನಿನ 2011ರ ವೈದ್ಯಕೀಯ ಮಾರ್ಗಸೂಚಿ ಹೇಳಿದೆ. ಮುಟ್ಟು ನಿಂತ ಮೇಲೆ ರಕ್ತಸ್ರಾವ ಕಂಡರೆ ದಿನ ಎಣಿಸದೆ ಹೋಗಬೇಕು. ತಾಯಿ, ಅಕ್ಕತಂಗಿಯರಲ್ಲಿ ಅಂಡಾಶಯದ ಅಥವಾ ಸ್ತನದ ಕ್ಯಾನ್ಸರ್ ಇದ್ದರೆ ಅದನ್ನು ವೈದ್ಯರಿಗೆ ಹೇಳಲೇಬೇಕು. 1994 ಮತ್ತು 1995ರಲ್ಲಿ ಗುರುತಿಸಲಾದ ಬಿಆರ್‌ಸಿಎ-1, ಬಿಆರ್‌ಸಿಎ-2 ಎಂಬ ವಂಶವಾಹಿಗಳಲ್ಲಿನ ದೋಷ ಕುಟುಂಬದಲ್ಲಿ ಹರಿದುಬರುತ್ತದೆ. ಅಪರೂಪವಾದರೂ ಹುಡುಗಿಯರಲ್ಲೂ ಅಂಡಾಶಯದ ಬೇರೆ ಬಗೆಯ ಗಡ್ಡೆಗಳು ಬರುತ್ತವೆ. ಬೇಗ ಚಿಕಿತ್ಸೆಯಾದರೆ ಅವುಗಳಲ್ಲಿ ಹೆಚ್ಚಿನವು ಗುಣವಾಗುತ್ತವೆ.

ಕ್ಯಾಲೆಂಡರ್ ಎಂಬ ಉಪಕರಣ

ಈ ಚರಿತ್ರೆಯಲ್ಲಿ ಚಾಕು, ಶಬ್ದತರಂಗ, ಪ್ರತಿಕಾಯ ಎಲ್ಲವೂ ಬಂದುಹೋದವು. ಕೊನೆಗೆ ಯಾರನ್ನು ಪರೀಕ್ಷಿಸಬೇಕೆಂದು ತೋರಿಸಿಕೊಟ್ಟದ್ದು ದಿನಗಳ ಎಣಿಕೆ. ಅದಕ್ಕೆ ಬೇಕಾದ ಉಪಕರಣ ನಮ್ಮ ಬಹುತೇಕ ಮನೆಗಳ ಗೋಡೆಯ ಮೇಲೆ ನೇತಾಡುತ್ತಿದೆ. ಹಾಲಿನ ಲೆಕ್ಕ, ಕೂಲಿಯ ಲೆಕ್ಕ ಬರೆಯುವ ಅದೇ ಕ್ಯಾಲೆಂಡರಿನಲ್ಲಿ ತೊಂದರೆಯಾದ ದಿನ ಒಂದು ಚುಕ್ಕೆ ಇಡಬಹುದು. ತಿಂಗಳ ಕೊನೆಗೆ ಎರಡು ಮೂರು ಚುಕ್ಕೆಗಳಿದ್ದರೆ ಕಷಾಯ ಸಾಕು. ಹನ್ನೆರಡು ಮೀರಿದ್ದರೆ ಆ ಹಾಳೆಯನ್ನೇ ಹರಿದು ವೈದ್ಯರ ಮುಂದೆ ಇಡಬಹುದು. “ಆಗಾಗ ಉಬ್ಬರಿಸುತ್ತದೆ” ಎಂಬ ಮಾತಿಗಿಂತ “ಈ ತಿಂಗಳಲ್ಲಿ ಹದಿನೆಂಟು ದಿನ ಉಬ್ಬರವಿತ್ತು” ಎಂಬ ಮಾತಿಗೆ ತೂಕ ಹೆಚ್ಚು.

ಹತ್ತನೆಯ ತರಗತಿಯಲ್ಲಿ ಸಂತಾನೋತ್ಪತ್ತಿಯ ಪಾಠ ಮಾಡುವಾಗ ಅಂಡಾಶಯದ ಚಿತ್ರ ಬರೆಸುತ್ತೇವೆ, ಭಾಗಗಳನ್ನು ಗುರುತಿಸಲು ಹೇಳುತ್ತೇವೆ. ಅದರ ನೆರೆಯಲ್ಲಿ ಮೂತ್ರಕೋಶ, ಕರುಳುಗಳನ್ನೂ ಬರೆಸಿ, ಒಂದರ ತೊಂದರೆ ಇನ್ನೊಂದರ ತೊಂದರೆಯಂತೆ ಕಾಣುವುದು ಹೇಗೆ ಎಂದು ಹತ್ತು ನಿಮಿಷ ಚರ್ಚಿಸಿದರೆ ಈ ಪಾಠ ಮಕ್ಕಳೊಂದಿಗೆ ಮನೆ ತಲುಪುತ್ತದೆ. ಮನೆಯಲ್ಲಿ ಅಮ್ಮನೋ ಅಜ್ಜಿಯೋ ಊಟದ ತಟ್ಟೆಯನ್ನು ಅರ್ಧಕ್ಕೇ ಸರಿಸಿ ಏಳುವುದನ್ನು ಮೊದಲು ಗಮನಿಸುವವರು ಆ ಮಕ್ಕಳೇ ಆಗಿರಬಹುದು.